ಖಾಲಿ ಟ್ರ್ಯಾಕ್ ನೋಡೋಕೆ ಮೆಲ್ಬರ್ನ್‌ವರೆಗೆ

ಗುರುವಾರ, ಮಾರ್ಚ್ 17: ಹಾಪರ್ಸ್ ಕ್ರಾಸಿಂಗ್

ವೀಸಾ, ಟಿಕೆಟ್, ಸಿಂಗಪುರದಲ್ಲಿ ಅರ್ಧ ರಾತ್ರಿ ತೂಕಡಿಸಿದ್ದು, ಇದೆಲ್ಲ ಎಲ್ಲರ ಪ್ರವಾಸದಲ್ಲೂ ಇರೋದೇ, ಬಿಡಿ. ಅಕ್ಕ-ಭಾವ ಮೆಲ್ಬರ್ನ್‌ನ ಪಶ್ಚಿಮದ ಕಡೆ ಹಾಪರ್ಸ್ ಕ್ರಾಸಿಂಗ್‌ನಲ್ಲಿ ಮನೆ ಮಾಡಿದ ದಿನದಿಂದ "ಯಾವಾಗ ಬರ್ತೀಯಾ" ಅಂತ ಕೇಳುತ್ತಲೇ ಇದ್ದರು. ನಮ್ಮ ದೇಶದಲ್ಲಿ ಫಾರ್ಮುಲಾ ಒನ್ ನಡೆದದ್ದು 2011ರಿಂದ 2013ರವರೆಗೆ, ನೊಯ್ಡಾ ಹತ್ತಿರದ ಬುದ್ಧ ಸರ್ಕ್ಯೂಟ್‌ನಲ್ಲಿ. ಅದು ನಿಂತ ಮೇಲೆ ಕಾರಿನ ಸದ್ದು ಕಿವಿಯಾರೆ ಕೇಳಬೇಕು ಅಂದರೆ ವಿಮಾನ ಹತ್ತಲೇಬೇಕು. ಸರಿ, ಅಕ್ಕನ ಮನೆಗೂ ಹೋದ ಹಾಗಾಯಿತು, 2016ರ ಸೀಸನ್ನಿನ ಮೊದಲ ರೇಸನ್ನೂ ನೋಡಿದ ಹಾಗಾಯಿತು ಅಂತ ಹೊರಟೆ.

ವಿಮಾನ ನಿಲ್ದಾಣದಿಂದ ಹೊರಗೆ ಬಂದರೆ ಬಿಸಿಲು. ಕಾರು ಹತ್ತುವಷ್ಟರಲ್ಲಿ ಮೋಡ. ಮನೆ ಮುಟ್ಟುವಾಗ ತಣ್ಣನೆಯ ಗಾಳಿ. "ಇಲ್ಲಿ ಒಂದೇ ದಿನದಲ್ಲಿ ನಾಲ್ಕೂ ಕಾಲ ಬರುತ್ತೆ, ಸ್ವೆಟರ್ ಇಲ್ಲದೆ ಹೊರಗೆ ಕಾಲಿಡಬೇಡ" ಅಂದಳು ಅಕ್ಕ. ಸಾರು, ಬೀನ್ಸ್ ಪಲ್ಯ, ಹಪ್ಪಳ. ಹತ್ತು ಸಾವಿರ ಕಿಲೋಮೀಟರ್ ಹತ್ತಿರ ಹತ್ತಿರ ಹಾರಿ ಬಂದರೂ ಊಟ ಮಾತ್ರ ಮಲ್ಲೇಶ್ವರದ್ದೇ.

ರಾತ್ರಿ ಊಟಕ್ಕೆ ಕೂತಾಗ ಭಾವ ಕೇಳಿದರು, "ಅಲ್ಲಯ್ಯ, ಶನಿವಾರ ನಾನೂ ಬರ್ತೀನಿ ಅಂತ ಒಪ್ಪಿಕೊಂಡಿದ್ದೀನಿ. ಆದ್ರೆ ಶನಿವಾರ ರೇಸೇ ಇಲ್ಲವಂತಲ್ಲ?" ಭಾವ ಕ್ರಿಕೆಟ್ ಬಿಟ್ಟರೆ ಬೇರೆ ಆಟವನ್ನು ಆಟ ಅಂತಲೇ ಒಪ್ಪದ ಮನುಷ್ಯ. ಶನಿವಾರ ಕ್ವಾಲಿಫೈಯಿಂಗ್, ಯಾರು ಮುಂದೆ ನಿಂತು ರೇಸ್ ಶುರು ಮಾಡಬೇಕು ಅಂತ ತೀರ್ಮಾನ ಆಗೋದು ಅವತ್ತೇ, ಅದೂ ಅಲ್ಲದೆ ಈ ಸಲ ಹೊಚ್ಚ ಹೊಸ ಪದ್ಧತಿ ಬೇರೆ, ಜಗತ್ತಿನಲ್ಲಿ ಮೊದಲ ಸಲ ನೋಡೋರು ನಾವೇ ಅಂತ ಹುರಿದುಂಬಿಸಿದೆ.

ಪದ್ಧತಿ ಹೇಗೆ ಅಂತ ತಟ್ಟೆಯ ಪಕ್ಕದಲ್ಲೇ ಪೇಪರ್ ಇಟ್ಟು ಬರೆದು ತೋರಿಸಿದೆ. ಒಟ್ಟು 22 ಕಾರು. ಮೊದಲನೇ ಭಾಗ 16 ನಿಮಿಷ. ಏಳು ನಿಮಿಷ ಎಲ್ಲರೂ ಓಡಿಸಬಹುದು, ಏಳನೇ ನಿಮಿಷಕ್ಕೆ, ಯಾರು ಒಂದು ಸುತ್ತು ಎಷ್ಟು ಬೇಗ ಮುಗಿಸಿದರು ಅನ್ನೋ ಪಟ್ಟಿಯ ಕೆಳಗಿರುವವನು ಔಟ್. ಅಲ್ಲಿಂದ ಮುಂದೆ ಪ್ರತಿ 90 ಸೆಕೆಂಡಿಗೆ ಒಬ್ಬೊಬ್ಬ ಔಟ್. ಹೀಗೆ ಏಳು ಜನ ಹೋದ ಮೇಲೆ ಉಳಿಯೋದು 15. ಎರಡನೇ ಭಾಗ 15 ನಿಮಿಷ, ಆರನೇ ನಿಮಿಷದಿಂದ ಕತ್ತರಿ ಶುರು, ಉಳಿಯೋದು ಎಂಟು. ಮೂರನೇ ಭಾಗ 14 ನಿಮಿಷ, ಐದನೇ ನಿಮಿಷದಿಂದ ಮತ್ತೆ ಕತ್ತರಿ, ಕೊನೆಯ ಒಂದೂವರೆ ನಿಮಿಷಕ್ಕೆ ಇಬ್ಬರೇ ಮುಖಾಮುಖಿ. ಹಿಂದಿನ ವರ್ಷದವರೆಗೆ ಇದ್ದದ್ದು 2006ರಲ್ಲಿ ಬಂದ ಪದ್ಧತಿ. ಅದರಲ್ಲೂ ಮೂರು ಭಾಗ ಇತ್ತು, ಆದರೆ ಭಾಗ ಮುಗಿದ ಮೇಲೆ ಕೆಳಗಿನವರೆಲ್ಲ ಒಟ್ಟಿಗೆ ಹೊರಗೆ.

ಹತ್ತು ವರ್ಷದ ಅಳಿಯ ಹಪ್ಪಳ ಮುರಿಯುತ್ತ "ಅಂದ್ರೆ ಮ್ಯೂಸಿಕಲ್ ಚೇರ್ ತಾನೆ ಮಾಮ?" ಅಂದ. ನಾನು ಅರ್ಧ ಗಂಟೆ ಕೊರೆದಿದ್ದನ್ನು ಒಂದೇ ಮಾತಲ್ಲಿ ಮುಗಿಸಿಬಿಟ್ಟ. ಭಾವನಿಗೂ ಆಗಲೇ ಅರ್ಥವಾಗಿದ್ದು.

ಶುಕ್ರವಾರ: ಮಳೆ, ಕೆಸರು, ಕಿತ್ತುಹೋದ ಅಟ್ಟೆ

ವೆರಿಬಿ ಲೈನಿನ ರೈಲು ಹಿಡಿದು ಸದರ್ನ್ ಕ್ರಾಸ್ ಸ್ಟೇಷನ್. ಅಲ್ಲಿಂದ ಸರ್ಕ್ಯೂಟಿಗೆ ವಿಶೇಷ ಟ್ರಾಮ್. ರೇಸ್ ಟಿಕೆಟ್ ತೋರಿಸಿದರೆ ಟ್ರಾಮಿಗೆ ದುಡ್ಡಿಲ್ಲ. ಕಾರಲ್ಲಿ ಹೋಗ್ತೀನಿ ಅನ್ನೋ ಯೋಚನೆ ಇದ್ದರೆ ಬಿಟ್ಟುಬಿಡಿ, ಅಲ್ಬರ್ಟ್ ಪಾರ್ಕ್ ಸುತ್ತ ಅವತ್ತು ಗಾಡಿ ನಿಲ್ಲಿಸೋದು ಕನಸಿನ ಮಾತು.

ಅಲ್ಬರ್ಟ್ ಪಾರ್ಕ್ ಅಂದರೆ ಬರೀ ರೇಸ್ ಟ್ರ್ಯಾಕ್ ಅಲ್ಲ. ದೊಡ್ಡ ಕೆರೆ, ಅದರ ಸುತ್ತ ರಸ್ತೆ, ಮರ, ಆಟದ ಮೈದಾನ. ವರ್ಷದ ಉಳಿದ ದಿನಗಳಲ್ಲಿ ಜನ ಇಲ್ಲಿ ವಾಕಿಂಗ್ ಮಾಡ್ತಾರೆ, ಅದೇ ರಸ್ತೆಗಳಲ್ಲಿ ಕಾರು ಓಡಿಸ್ತಾರೆ. ರೇಸ್ ಹೊತ್ತಿಗೆ ಕಾಂಕ್ರೀಟ್ ಗೋಡೆ, ಬೇಲಿ, ಸ್ಟ್ಯಾಂಡ್ ಎಲ್ಲ ತಂದು ಕೂಡಿಸಿ ಟ್ರ್ಯಾಕ್ ಮಾಡ್ತಾರೆ, ಆ ವರ್ಷ ಅದು 5.303 ಕಿಲೋಮೀಟರ್, 16 ತಿರುವು. ಕೆರೆಯಲ್ಲಿ ಕರಿ ಹಂಸಗಳು. ಕಪ್ಪು ಮೈ, ಕೆಂಪು ಕೊಕ್ಕು. ಕಾರುಗಳು ಕಿರುಚುತ್ತ ಹೋದರೂ ಅವು ಕತ್ತು ಕೂಡ ತಿರುಗಿಸಲ್ಲ.

ನನ್ನದು ಜನರಲ್ ಅಡ್ಮಿಷನ್ ಟಿಕೆಟ್, ಅಂದರೆ ಹುಲ್ಲಿನ ದಿಬ್ಬದ ಮೇಲೆ ಸಿಕ್ಕ ಜಾಗದಲ್ಲಿ ಕೂರೋದು. ಎದುರಿಗೆ ದೊಡ್ಡ ಪರದೆ ಕಾಣೋ ಜಾಗ ಹಿಡಿಯೋದು ಬಹಳ ಮುಖ್ಯ. ಇಲ್ಲದಿದ್ದರೆ ನಿಮ್ಮ ಮುಂದೆ ಹಾದುಹೋದ ಕಾರು ಮೊದಲನೆಯದೋ ಕೊನೆಯದೋ ಗೊತ್ತೇ ಆಗಲ್ಲ. ಜಾಗ ಏನೋ ಒಳ್ಳೆಯದೇ ಸಿಕ್ಕಿತು. ಹತ್ತು ನಿಮಿಷಕ್ಕೆ ಮಳೆ ಶುರುವಾಯಿತು. ದಿಬ್ಬ ಇಳಿಯುವಾಗ ನನ್ನ ಎಡಗಾಲಿನ ಶೂ ಕೆಸರಿಗೆ ಕಚ್ಚಿಕೊಂಡು ಅಟ್ಟೆ ಅಲ್ಲೇ ಉಳಿಯಿತು, ಕಾಲು ಮಾತ್ರ ಮುಂದಕ್ಕೆ ಬಂತು. ಒದ್ದೆ ಕಾಲುಚೀಲದಲ್ಲಿ ಕುಂಟುತ್ತ ಒಂದು ಮರದ ಕೆಳಗೆ ಹೋಗಿ ನಿಂತೆ.

ಅಲ್ಲಿ ಇಬ್ಬರು ವಯಸ್ಸಾದ ಗಂಡ-ಹೆಂಡತಿ ಮಡಚುವ ಕುರ್ಚಿ ಹಾಕಿಕೊಂಡು, ಮೇಲೊಂದು ಟಾರ್ಪಾಲ್ ಕಟ್ಟಿಕೊಂಡು ಆರಾಮಾಗಿ ಟೀ ಕುಡಿಯುತ್ತಿದ್ದರು. ಆಕೆ ನನ್ನ ಕಾಲು ನೋಡಿ, ಒಂದು ಮಾತೂ ಆಡದೆ, ಚೀಲದಿಂದ ಅಗಲದ ಬೆಳ್ಳಿ ಬಣ್ಣದ ಟೇಪ್ ತೆಗೆದು ಕೊಟ್ಟರು. ಶೂ ಸುತ್ತ ನಾಲ್ಕು ಸುತ್ತು ಹಾಕಿದೆ. ಸಂಜೆವರೆಗೆ ಗಟ್ಟಿಯಾಗಿ ನಿಂತಿತು.

ಅವರು ಅಡಿಲೇಡ್‌ನವರು. ಏಳುನೂರು ಚಿಲ್ಲರೆ ಕಿಲೋಮೀಟರ್ ಕಾರು ಓಡಿಸಿಕೊಂಡು ಬಂದಿದ್ದರು. 1985ರಿಂದ 1995ರವರೆಗೆ ಈ ರೇಸ್ ಅಡಿಲೇಡ್‌ನಲ್ಲೇ ನಡೆಯುತ್ತಿತ್ತು. ಮೆಲ್ಬರ್ನ್‌ನವರು ಅದನ್ನು ಎತ್ತಿಕೊಂಡು ಬಂದರು ಅನ್ನೋ ಸಿಟ್ಟು ಇಪ್ಪತ್ತು ವರ್ಷವಾದರೂ ಆರಿಲ್ಲ. "ನಮ್ಮ ಊರಲ್ಲಾಗಿದ್ದರೆ ಇವತ್ತಿನ ಮಳೆಗೂ ಒಂದು ಬೆಲೆ ಇರ್ತಿತ್ತು" ಅಂದರು ಆ ಯಜಮಾನರು. ನನಗೆ ಅರ್ಥವಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಆಗ ಶುಕ್ರವಾರ ಒಂದು, ಶನಿವಾರ ಒಂದು, ಹೀಗೆ ಎರಡು ದಿನ ಕ್ವಾಲಿಫೈಯಿಂಗ್ ಇತ್ತು. ಎರಡರಲ್ಲಿ ಒಳ್ಳೆಯ ಟೈಮ್ ಯಾವುದೋ ಅದೇ ಲೆಕ್ಕ. ಹಾಗಾಗಿ ಶುಕ್ರವಾರದ ಟಿಕೆಟಿಗೂ ಅರ್ಥ ಇತ್ತು. ಈಗ ಶುಕ್ರವಾರ ಬರೀ ಪ್ರಾಕ್ಟೀಸ್. ಮಳೆ ಬಂದರೆ ಟೀಮುಗಳು ಗ್ಯಾರೇಜಿನ ಬಾಗಿಲ ಒಳಗೇ ಕೂತುಬಿಡುತ್ತವೆ. ನಿಜ, ಅವತ್ತು ಹಾಗೇ ಆಯಿತು. ಆಗೊಮ್ಮೆ ಈಗೊಮ್ಮೆ ಒಂದು ಕಾರು ನೀರು ಹಾರಿಸಿಕೊಂಡು ಹೋಗೋದು, ಮತ್ತೆ ಮೌನ. ಮಧ್ಯಾಹ್ನ ಮರ್ಸಿಡಿಸ್ ಟೀಮಿನ ರೋಸ್‌ಬರ್ಗ್ ಗೋಡೆಗೆ ಗುದ್ದಿ ಮೂತಿ ಮುರಿದುಕೊಂಡಿದ್ದೇ ದೊಡ್ಡ ಸುದ್ದಿ.

ಆಕೆಯ ಮಾತು ಇನ್ನೂ ಸ್ವಾರಸ್ಯವಾಗಿತ್ತು. ಹೊಸ ಕ್ವಾಲಿಫೈಯಿಂಗ್ ಬಂದಾಗಲೆಲ್ಲ ಮೊದಲ ಪ್ರಯೋಗ ಈ ಮೆಲ್ಬರ್ನ್‌ನ ಜನರ ಮೇಲೇ ಅಂತೆ. ಬೆರಳು ಮಡಚಿ ಎಣಿಸಿದರು. 1996ರಲ್ಲಿ ಅಲ್ಬರ್ಟ್ ಪಾರ್ಕ್‌ನ ಮೊದಲ ರೇಸ್, ಶನಿವಾರದ ಒಂದೇ ಗಂಟೆಯ ಕ್ವಾಲಿಫೈಯಿಂಗ್ ಮತ್ತು 107 ಪರ್ಸೆಂಟ್ ನಿಯಮ ಎರಡೂ ಇಲ್ಲೇ ಶುರು. ಮೊದಲನೆಯವನ ಟೈಮಿನ 107 ಪರ್ಸೆಂಟ್ ಒಳಗೆ ಬರದಿದ್ದರೆ ರೇಸಿಗೇ ಇಲ್ಲ ಅನ್ನೋ ನಿಯಮ ಅದು. ಫೋರ್ಟಿ ಅನ್ನೋ ಟೀಮಿನ ಎರಡೂ ಕಾರು ಆ ನಿಯಮಕ್ಕೆ ಸಿಕ್ಕಿ ರೇಸ್ ಆಡದೆ ವಾಪಸ್ ಹೋದವು. 2003ರಲ್ಲಿ ಒಬ್ಬೊಬ್ಬರೇ ಒಂದೊಂದು ಲ್ಯಾಪ್, ಅಂದರೆ ಒಂದೊಂದು ಸುತ್ತು, ಓಡಿಸುವ ಪದ್ಧತಿ, ಅದೂ ಇಲ್ಲೇ ಶುರು. 2005ರಲ್ಲಿ ಶನಿವಾರದ ಟೈಮನ್ನೂ ಭಾನುವಾರ ಬೆಳಗಿನ ಟೈಮನ್ನೂ ಕೂಡಿಸಿ ಲೆಕ್ಕ ಹಾಕುವ ಪದ್ಧತಿ, ಅದೂ ಇಲ್ಲೇ. ಅದು ಆರು ರೇಸಿಗೆ ಸತ್ತುಹೋಯಿತು. "ನಾಳೆಯದು ಎಷ್ಟು ರೇಸ್ ಬದುಕುತ್ತೆ ನೋಡೋಣ" ಅಂತ ನಕ್ಕರು.

ಹೊರಡುವ ಮೊದಲು ಮಳೆ ನಿಂತು ಚಿನ್ನದಂಥ ಬಿಸಿಲು ಬಂತು, ಕಾರುಗಳು ಮಾತ್ರ ಇರಲಿಲ್ಲ. ಕ್ಲಾರೆಂಡನ್ ಸ್ಟ್ರೀಟಿನ ಕಡೆ ನಡೆದು ಒಂದು ಹಳೇ ಸಾಮಾನಿನ ಅಂಗಡಿಗೆ ನುಗ್ಗಿದೆ. ಇಲ್ಲಿ ಅದಕ್ಕೆ ಆಪ್ ಶಾಪ್ ಅಂತಾರೆ, ದಾನ ಬಂದ ವಸ್ತು ಮಾರಿ ಸೇವಾಕಾರ್ಯಕ್ಕೆ ಹಣ ಕೂಡಿಸೋ ಅಂಗಡಿ. ಎಂಟು ಡಾಲರಿಗೆ ಗಟ್ಟಿಮುಟ್ಟಾದ ಚರ್ಮದ ಬೂಟು ಸಿಕ್ಕಿತು. ಇವತ್ತಿಗೂ ಅದನ್ನೇ ಹಾಕ್ತಿದ್ದೀನಿ.

ಶನಿವಾರ: ಗಡಿಯಾರ ಓಡುತ್ತಿದೆ, ಕಾರಿಲ್ಲ

ಭಾವ, ಅಳಿಯ, ನಾನು. ಅಕ್ಕ ಡಬ್ಬಿ ತುಂಬ ಪುಳಿಯೋಗರೆ ಕಟ್ಟಿಕೊಟ್ಟಿದ್ದಳು. ಗಾಜಿನ ಬಾಟಲಿ ಒಳಗೆ ಬಿಡಲ್ಲ, ಊಟದ ಡಬ್ಬಿಗೆ ಗೇಟಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಒಳಗೆ ಬಿಸಿ ಚಿಪ್ಸಿನ ರೇಟ್ ನೋಡಿದ ಮೇಲೆ ಭಾವನಿಗೆ ಪುಳಿಯೋಗರೆಯ ರುಚಿ ಇನ್ನೂ ಹೆಚ್ಚಾಯಿತು. ಮಕ್ಕಳನ್ನು ಕರೆದುಕೊಂಡು ಹೋಗೋದಾದರೆ ಕಿವಿಗೆ ಇಯರ್ ಮಫ್ ತಗೊಳ್ಳಿ. ಎಂಜಿನ್ ಸದ್ದು ಹಳೇ ಕಾಲದಷ್ಟಿಲ್ಲ ಅಂತ ದೊಡ್ಡವರು ಗೊಣಗ್ತಾರೆ, ಸರಿ, ಆದರೆ ನಡುವೆ ಇಲ್ಲಿನ ವಿ8 ಸೂಪರ್‌ಕಾರುಗಳು ಬರುತ್ತವೆ ನೋಡಿ, ಅವು ಎದೆಯೊಳಗೇ ಗುಡುಗುತ್ತವೆ.

ಕ್ವಾಲಿಫೈಯಿಂಗ್ ಸಂಜೆ ಐದಕ್ಕೆ. ನಮ್ಮ ಊರಲ್ಲಿ ಆಗ ಬೆಳಗ್ಗೆ ಹನ್ನೊಂದೂವರೆ. ಬೆಂಗಳೂರಿನ ಗೆಳೆಯರ ವಾಟ್ಸಾಪ್ ಗುಂಪು ಆಗಲೇ ಬಿಸಿಯಾಗಿತ್ತು. ಅಡಿಲೇಡ್ ದಂಪತಿ ಅದೇ ಮರದ ಹತ್ತಿರ ಸಿಕ್ಕರು. ಆಕೆಯ ತೊಡೆಯ ಮೇಲೆ ಒಂದು ಉದ್ದನೆಯ ನೋಟ್‌ಬುಕ್. ಪೆನ್ಸಿಲಿನಲ್ಲಿ ಗೆರೆ ಎಳೆದು, ಎಡಕ್ಕೆ 22 ಹೆಸರು, ಮೇಲೆ 90 ಸೆಕೆಂಡಿಗೊಂದು ಖಾನೆ. ಹೊಸ ಪದ್ಧತಿಗೆ ಅಂತಲೇ ಹಿಂದಿನ ರಾತ್ರಿ ಮೋಟೆಲಿನಲ್ಲಿ ಕೂತು ಗೆರೆ ಹಾಕಿದ್ದಂತೆ.

ಶುರುವಿನ ಏಳು ನಿಮಿಷ ನಿಜಕ್ಕೂ ಚೆನ್ನಾಗಿತ್ತು. ಇದನ್ನು ಹೇಳಲೇಬೇಕು, ಯಾಕೆಂದರೆ ಆಮೇಲೆ ಎಲ್ಲರೂ ಎಲ್ಲವನ್ನೂ ಬೈದರು. ಹಸಿರು ದೀಪ ಬಿದ್ದ ತಕ್ಷಣ ಕಾರುಗಳು ಸಾಲಾಗಿ ಹೊರಗೆ ಬಂದವು. ಹಳೇ ಪದ್ಧತಿಯಲ್ಲಾದರೆ ಮೊದಲ ಕೆಲವು ನಿಮಿಷ ಗ್ಯಾರೇಜಿನಲ್ಲೇ ಕಾಲ ಕಳೆಯುತ್ತಿದ್ದರು. ಪರದೆಯ ಮೇಲೆ ಗಡಿಯಾರ ಇಳಿಯತೊಡಗಿತು, ಅಳಿಯ ಎದ್ದು ನಿಂತು "ಹತ್ತು, ಒಂಬತ್ತು, ಎಂಟು" ಅಂತ ಕೂಗಲು ಶುರು ಮಾಡಿದ, ಅಕ್ಕಪಕ್ಕದ ನಾಲ್ಕೈದು ಮಕ್ಕಳೂ ಸೇರಿಕೊಂಡರು. ಮೊದಲು ಹೋದದ್ದು ಮ್ಯಾನರ್ ಟೀಮಿನ ವೆರ್‌ಲೈನ್. ದಿಬ್ಬದ ಮೇಲೆಲ್ಲ ಚಪ್ಪಾಳೆ.

ಆಮೇಲೆ ಗೊಂದಲ. ಒಬ್ಬ ಲ್ಯಾಪ್ ಓಡಿಸುತ್ತಲೇ ಇದ್ದಾನೆ, ನಡುವೆಯೇ ಟೈಮ್ ಮುಗಿದು ಔಟ್. ಹೊಸ ಟೀಮ್ ಹಾಸ್‌ಗೆ ಅದು ಮೊಟ್ಟಮೊದಲ ಕ್ವಾಲಿಫೈಯಿಂಗ್. ಗ್ರೋಜಾನ್, ಗುಟಿಯೆರೆಸ್ ಇಬ್ಬರೂ ಹಾಗೇ ಟೈಮ್ ಸಾಲದೆ ಹೋದರು. ರೆಡ್‌ಬುಲ್‌ನ ಕ್ವಿಯಾಟ್ ಕೂಡ ಮೊದಲ ಭಾಗದಲ್ಲೇ ಔಟ್. ನಮ್ಮ ಮುಂದಿನಿಂದ ಕಾರು ಜೋರಾಗಿ ಹೋಗುತ್ತೆ, ಜನ ಕೈ ಬೀಸುತ್ತಾರೆ, ಪರದೆ ನೋಡಿದರೆ ಅವನ ಕಥೆ ಆಗಲೇ ಮುಗಿದಿದೆ. ಟಿವಿಯಲ್ಲಿ ನೋಡೋರಿಗೆ ಪಟ್ಟಿ ಕಣ್ಣೆದುರು ಇರುತ್ತೆ. ಹುಲ್ಲಿನ ಮೇಲೆ ಕೂತವನು ಕಾರು ನೋಡಬೇಕೋ ಗಡಿಯಾರ ನೋಡಬೇಕೋ?

ಭಾವ ಒಂದು ಒಳ್ಳೆ ಪ್ರಶ್ನೆ ಕೇಳಿದರು. "ಕೊನೆಯವನು ನಾನು ಅಂತ ಗೊತ್ತಾದ ಮೇಲೆ ಹೊರಗೆ ಬಂದು ಇನ್ನೊಂದು ಸಲ ಓಡಿಸಬಾರದಾ?" ಅಲ್ಲೇ ಇರೋದು ವಿಷಯ. ಒಂದು ಲ್ಯಾಪಿಗೇ 85 ಸೆಕೆಂಡ್ ಬೇಕು. ಅದಕ್ಕೆ ಮೊದಲು ಟೈರ್ ಬಿಸಿ ಮಾಡಿಕೊಳ್ಳೋಕೆ ಒಂದು ನಿಧಾನದ ಲ್ಯಾಪ್. ಪಿಟ್ಟಿಗೆ ಹೋಗಿ ಟೈರ್ ಬದಲಿಸೋ ಹೊತ್ತು ಬೇರೆ. 90 ಸೆಕೆಂಡಿನಲ್ಲಿ ಉತ್ತರ ಕೊಡೋಕೆ ಸಾಧ್ಯವೇ ಇಲ್ಲ. ಅಪಾಯ ಕಂಡ ಮೇಲೆ ಹೊರಟರೆ ತಡವಾಯಿತು ಅಂತಲೇ ಲೆಕ್ಕ. ಹಾಗಾಗಿ ಎಲ್ಲರೂ ಮೊದಲೇ ಒಂದು ಒಳ್ಳೆ ಲ್ಯಾಪ್ ಓಡಿಸಿಬಿಡ್ತಾರೆ. ಇನ್ನೊಂದು ಸಲ ಹೋದರೆ ನಾಳೆಗೆ ಬೇಕಾದ ಟೈರ್ ಸುಮ್ನೆ ಸವೆಯುತ್ತೆ. ಕೂತಲ್ಲೇ ಕೂತಿದ್ದರೆ ಲಾಭ!

ಎರಡನೇ ಭಾಗದಲ್ಲಿ ಇದು ಕಾಣತೊಡಗಿತು, ಟ್ರ್ಯಾಕ್ ತೆಳುವಾಗುತ್ತ ಬಂತು. ಫೋರ್ಸ್ ಇಂಡಿಯಾದ ಪೆರೆಜ್, ಹುಲ್ಕೆನ್‌ಬರ್ಗ್ 9 ಮತ್ತು 10ನೇ ಜಾಗಕ್ಕೆ ನಿಂತರು. ಆ ಟೀಮಿನ ಯಜಮಾನ ಮಲ್ಯ ಅದೇ ತಿಂಗಳ ಮೊದಲ ವಾರದಲ್ಲಿ ದೇಶ ಬಿಟ್ಟು ಇಂಗ್ಲೆಂಡಿಗೆ ಹೋಗಿದ್ದರಿಂದ ಭಾವನ ಜೋಕುಗಳಿಗೇನೂ ಬರ ಇರಲಿಲ್ಲ.

ಮೂರನೇ ಭಾಗ. ಎಂಟು ಕಾರು. ಇಡೀ ದಿಬ್ಬ ಎದ್ದು ನಿಂತಿತ್ತು, ಯಾಕೆಂದರೆ ಎಂಟರಲ್ಲಿ ಒಬ್ಬ ಇಲ್ಲಿಯವನೇ, ಪರ್ತ್‌ನ ರಿಕಾರ್ಡೊ. ಎಂಟೂ ಜನ ಒಂದೊಂದು ಸುತ್ತು ಓಡಿಸಿದರು. ಐದು ನಿಮಿಷಕ್ಕೆ ಮೊದಲ ಕತ್ತರಿ, ಬಿದ್ದದ್ದು ರಿಕಾರ್ಡೊ ಮೇಲೇ. ನನ್ನ ಮುಂದೆ ಅವನ ಟೋಪಿ ಹಾಕಿದ್ದ ಹುಡುಗರ ಗುಂಪು ಹಾಗೇ ಕೂತುಬಿಟ್ಟಿತು. ಆಮೇಲೆ ಸೈನ್ಸ್, ಮಾಸ್ಸಾ, ವೆರ್ಸ್ಟಾಪನ್, ಒಬ್ಬೊಬ್ಬರ ಹೆಸರೇ ಮಂಕಾಗುತ್ತ ಹೋಯಿತು. ಅವರೆಲ್ಲ ಗ್ಯಾರೇಜಿನಲ್ಲಿ ಕೂತೇ ಔಟಾದರು. ಫೆರಾರಿಯ ಇಬ್ಬರೂ ಮತ್ತೆ ಹೊರಗೆ ಬರಲೇ ಇಲ್ಲ. ಎರಡನೇ ಸಲ ಬಂದದ್ದು ಮರ್ಸಿಡಿಸ್‌ನವರು ಮಾತ್ರ. ಹ್ಯಾಮಿಲ್ಟನ್ 1 ನಿಮಿಷ 23.837 ಸೆಕೆಂಡಿನ ಲ್ಯಾಪ್ ಓಡಿಸಿದ. ಅವನ 50ನೇ ಪೋಲ್, ಅಂದರೆ ರೇಸಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲೋ ಜಾಗ. ಆಹಾ, ಅದು ಅದ್ಭುತ ಲ್ಯಾಪ್, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಅವರೂ ಒಳಗೆ ಹೋದರು.

ಆಮೇಲೆ ಏನೂ ಇಲ್ಲ.

ಗಡಿಯಾರದಲ್ಲಿ ಇನ್ನೂ ನಿಮಿಷಗಳು ಉಳಿದಿವೆ, ಟ್ರ್ಯಾಕ್ ಮೇಲೆ ಒಂದು ಕಾರೂ ಇಲ್ಲ. ದೂರದಲ್ಲಿ ಹೆಲಿಕಾಪ್ಟರ್ ಸದ್ದು ಮಾತ್ರ. "ಮುಗೀತಾ? ಟೈಮ್ ಇನ್ನೂ ಓಡ್ತಿದೆಯಲ್ಲ?" ಅಂದರು ಭಾವ. "ಮುಗಿದಿಲ್ಲ, ಆದ್ರೆ ಮುಗೀತು" ಅಂದೆ. ಇನ್ನೇನು ಹೇಳಲಿ? ಪಕ್ಕದವನೊಬ್ಬ ಕ್ಯಾಮೆರಾ ತಿರುಗಿಸಿ ಕೆರೆಯ ಹಂಸದ ಫೋಟೋ ತೆಗೆಯತೊಡಗಿದ. ಯಾರೋ ಹಿಂದಿನಿಂದ "ದುಡ್ಡು ವಾಪಸ್ ಕೊಡಿ" ಅಂತ ಕೂಗಿದರು, ಎಲ್ಲರೂ ನಕ್ಕರು, ಆ ನಗುವಿನಲ್ಲಿ ಖುಷಿ ಇರಲಿಲ್ಲ. ಗಡಿಯಾರ ಸೊನ್ನೆಗೆ ಬಂದಾಗ ಖಾಲಿ ರಸ್ತೆಗೆ ಚೌಕಳಿ ಬಾವುಟ ಬೀಸಿದರು. ಕೆಲವರು ಬೇಕಂತಲೇ ನಿಧಾನಕ್ಕೆ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಾಗಲೇ ಅರ್ಧ ಜನ ಟ್ರಾಮಿನ ಕಡೆ ಹೊರಟಿದ್ದರು.

ಫೋನ್ ತೆಗೆದರೆ ಬೆಂಗಳೂರಿನ ಗುಂಪಿನಲ್ಲಿ ಒಬ್ಬ ಕೇಳಿದ್ದಾನೆ, "ಅಲ್ಲಿ ಕರೆಂಟ್ ಹೋಯ್ತಾ?" ಇನ್ನೊಬ್ಬ ಚಿತ್ರ ಸಿಕ್ಕಿಕೊಂಡಿದೆ ಅಂದುಕೊಂಡು ಟಿವಿ ಆಫ್ ಮಾಡಿ ಆನ್ ಮಾಡಿದ್ದನಂತೆ. ಅಡಿಲೇಡ್ ಅಜ್ಜಿಯ ನೋಟ್‌ಬುಕ್ ಕಡೆ ಕಣ್ಣು ಹಾಯಿಸಿದೆ. ಮೊದಲ ಭಾಗದ ಹಾಳೆಯಲ್ಲಿ ಒಂದು ಖಾನೆಯೂ ಖಾಲಿ ಇಲ್ಲ, ಅಂಕಿ, ಬಾಣ, ಅಳಿಸಿ ಬರೆದ ಗುರುತು. ಮೂರನೆಯದರಲ್ಲಿ ಎಡಗಡೆ ನಾಲ್ಕು ಖಾನೆ ತುಂಬಿದೆ, ಬಲಕ್ಕೆ ಪೂರ್ತಿ ಬಿಳಿ. "ಸುಮ್ನೆ ಗೆರೆ ಎಳೆದೆ" ಅಂತ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು.

ಟ್ರಾಮಿಗೆ ಉದ್ದನೆಯ ಸಾಲು, ಸಾಲು ತುಂಬ ಇದೇ ಮಾತು. ಹದಿನೆಂಟರ ಆಸುಪಾಸಿನ ಒಬ್ಬ ಹುಡುಗ ಮಾತ್ರ ಹೊಸ ಪದ್ಧತಿಯ ಪರ ನಿಂತ. ಮೊದಲ ಭಾಗ ಯಾವತ್ತಿಗಿಂತಲೂ ಮಜವಾಗಿತ್ತು, ಟೈರ್ ಜಾಸ್ತಿ ಕೊಟ್ಟರೆ ಸರಿಹೋಗುತ್ತೆ, ಒಂದೇ ದಿನಕ್ಕೆ ತೀರ್ಪು ಕೊಡಬೇಡಿ ಅಂದ. ಅವನ ಮಾತಲ್ಲೂ ಹುರುಳಿತ್ತು. ಅವನ ಅಪ್ಪನೇ ಒಪ್ಪಲಿಲ್ಲ. ಮರ್ಸಿಡಿಸ್ ಯಾವಾಗಲೂ ಮುಂದೆ ನಿಲ್ಲುತ್ತೆ, ಸಾಲು ಸ್ವಲ್ಪ ಕಲಸಿ ಹೋಗಲಿ ಅಂತ ತಾನೆ ಇದನ್ನು ತಂದದ್ದು? 2014, 2015 ಎರಡೂ ವರ್ಷ 19ರಲ್ಲಿ 18 ಪೋಲ್ ಅವರದ್ದೇ. ಇವತ್ತು ಏನಾಯಿತು? ಮೊದಲ ಸಾಲು ಮರ್ಸಿಡಿಸ್, ಎರಡನೇ ಸಾಲು ಫೆರಾರಿ. ಹಳೇ ಪದ್ಧತಿಯಲ್ಲೂ ಇದೇ ಆಗ್ತಿತ್ತು, ಜೊತೆಗೆ ಕೊನೆಯ ನಿಮಿಷದ ಓಟವಾದರೂ ಸಿಗ್ತಿತ್ತು ಅಂತ ಅಪ್ಪನ ವಾದ.

ನನ್ನ ಮಾತೂ ಅಷ್ಟೇ. ಕ್ವಾಲಿಫೈಯಿಂಗ್‌ಗೆ ಜನ ಬರೋದೇ ಕೊನೆಯ ಎರಡು ನಿಮಿಷಕ್ಕೆ. ಬಾವುಟ ಬೀಳುವ ಮೊದಲು ಗೆರೆ ದಾಟಿದವನು ಆ ಲ್ಯಾಪ್ ಮುಗಿಸಬಹುದು, ಹಾಗಾಗಿ ಬಾವುಟ ಬಿದ್ದ ಮೇಲೂ ಪೋಲ್ ಕೈ ಬದಲಾಗಬಹುದು, ಎಲ್ಲ ಕಾರೂ ಒಟ್ಟಿಗೆ ಟ್ರ್ಯಾಕ್ ಮೇಲಿರುತ್ತೆ. ಹೊಸ ಪದ್ಧತಿ ಆ ಉಸಿರು ಬಿಗಿಹಿಡಿಯುವ ಹೊತ್ತನ್ನು ಹೊಡೆದು ಶುರುವಿಗೆ ಹಾಕಿತು. ಇದನ್ನು ಮಾಡಿದ್ದು ಯಾರಿಗೋಸ್ಕರ? ನಮ್ಮ ಭಾವನಂಥವರಿಗೆ, ಹೊಸದಾಗಿ ನೋಡಲು ಬರುವವರಿಗೆ. ಅವರೇ ಟ್ರಾಮಿನಲ್ಲಿ ನಿದ್ದೆ ಹೋದರು.

ಭಾವನ ನಿದ್ದೆಗೆ ಇನ್ನೊಂದು ಕಾರಣವೂ ಇತ್ತು ಅನ್ನಿ. ಅವತ್ತು ರಾತ್ರಿ ಕೋಲ್ಕತ್ತಾದಲ್ಲಿ ಭಾರತ-ಪಾಕಿಸ್ತಾನ ಟಿ20 ವಿಶ್ವಕಪ್ ಪಂದ್ಯ. ನಮಗೆ ನಡುರಾತ್ರಿ ಕಳೆದ ಮೇಲೆ. ಈಡನ್ ಗಾರ್ಡನ್ಸ್‌ನಲ್ಲಿ ಮಳೆ ಬಂದು ತಡವಾಗಿ ಶುರುವಾಗಿ 18 ಓವರಿಗೆ ಇಳಿಯಿತು. ಕೊಹ್ಲಿ 55 ಹೊಡೆದು ಗೆಲ್ಲಿಸುವಾಗ ಇಲ್ಲಿ ಬೆಳಗಿನ ಜಾವ. ಅಕ್ಕ ಎದ್ದು ಬಂದು "ಇಬ್ಬರಿಗೂ ಹುಚ್ಚು" ಅಂತ ಬೈದು ಕಾಫಿ ಮಾಡಿಕೊಟ್ಟಳು.

ಭಾನುವಾರ: ಟರ್ನ್ ಮೂರು

ರೇಸಿಗೆ ಮೊದಲೇ ಫೋನಿನಲ್ಲಿ ಸುದ್ದಿ ಓದಿದೆ. ಟೀಮುಗಳ ಮುಖ್ಯಸ್ಥರು ಸರ್ಕ್ಯೂಟಿನಲ್ಲೇ ಸಭೆ ಸೇರಿ ಹಳೇ ಪದ್ಧತಿಗೇ ಹೋಗೋಣ ಅಂತ ಒಮ್ಮತದಿಂದ ಹೇಳಿದ್ದಾರೆ. ರೆಡ್‌ಬುಲ್‌ನ ಹಾರ್ನರ್ ಅಂತೂ ಹಿಂದಿನ ಸಂಜೆಯೇ ಅಭಿಮಾನಿಗಳ ಕ್ಷಮೆ ಕೇಳಬೇಕು ಅಂದಿದ್ದರು. ಮರದ ಹತ್ತಿರ ಹೋದರೆ ಅಡಿಲೇಡ್ ಅಜ್ಜಿ ಬೆರಳು ಎತ್ತಿ ತೋರಿಸಿದರು. ಒಂದು. "2005ರದ್ದು ಆರು ಬದುಕಿತ್ತು!"

ಈ ಸಲ ಭಾವ ಬರಲ್ಲ ಅಂದುಕೊಂಡಿದ್ದೆ. ಟಿಕೆಟ್ ದುಡ್ಡು ಕೊಟ್ಟಾಗಿದೆ ಅಂತ ಬಂದರು. ಟರ್ನ್ ಮೂರರ, ಅಂದರೆ ಮೂರನೇ ತಿರುವಿನ, ಕಡೆ ಕಣ್ಣು ಹಾಯುವ ಹಾಗೆ ಚಾಪೆ ಹಾಸಿದೆವು. ಭಾನುವಾರ ಜಾಗ ಬೇಕು ಅಂದರೆ ಬೆಳಗ್ಗೆ ಬೇಗ ಬರಬೇಕು, ಹತ್ತರ ಮೇಲೆ ಬಂದವರೆಲ್ಲ ಬೇಲಿ ಹಿಂದೆ ತುದಿಗಾಲಲ್ಲಿ ನಿಂತಿದ್ದರು.

ನಾಲ್ಕು ಗಂಟೆಗೆ ರೇಸ್. ಶುರುವಿಗೆ ಮೊದಲೇ ಕ್ವಿಯಾಟ್ ಕಾರು ನಿಂತುಹೋಗಿ ಇನ್ನೊಂದು ಸುತ್ತು ಹಾಕಿಸಿದರು, 58 ಲ್ಯಾಪಿನ ರೇಸ್ 57ಕ್ಕೆ ಇಳಿಯಿತು. ದೀಪ ಆರಿದ ಕೂಡಲೇ ಮೂರನೇ ಜಾಗದಿಂದ ವೆಟ್ಟೆಲ್, ನಾಲ್ಕರಿಂದ ರೈಕೊನೆನ್ ನುಗ್ಗಿ ಮೊದಲ ತಿರುವಿಗೇ ಫೆರಾರಿ ಒಂದು-ಎರಡು. ದಿಬ್ಬ ಕಿರುಚಿತು. ಹಿಂದಿನ ದಿನ ಒಂದು ಗಂಟೆಯಲ್ಲಿ ಕಲಸದ ಸಾಲು ಐದು ಸೆಕೆಂಡಿನಲ್ಲಿ ಕಲಸಿಹೋಯಿತು. ಭಾವ ನನ್ನ ತೋಳು ಹಿಡಿದು ಅಲ್ಲಾಡಿಸುತ್ತಿದ್ದರು.

ಸ್ವಲ್ಪ ಹೊತ್ತಿಗೆ ಮೆಕ್ಲಾರೆನ್ ಟೀಮಿನ ಅಲೊನ್ಸೊ. ಗುಟಿಯೆರೆಸ್‌ನ ಹಿಂದಿನ ಚಕ್ರಕ್ಕೆ ತಗುಲಿ, ಗೋಡೆಗೆ ಬಡಿದು, ಜಲ್ಲಿಯಲ್ಲಿ ಉರುಳಿ, ಕಾರು ಅನ್ನೋದು ಗುರುತೇ ಸಿಗದ ಹಾಗೆ ಆಗಿಹೋಯಿತು. ಒಂದು ಕ್ಷಣ ಅಷ್ಟು ಸಾವಿರ ಜನರಲ್ಲಿ ಒಂದು ಸೊಲ್ಲಿಲ್ಲ. ಅಳಿಯ ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ಆ ಮುದ್ದೆಯ ಕೆಳಗಿನಿಂದ ಅವನು ತೆವಳಿಕೊಂಡು ಹೊರಗೆ ಬಂದು ಎದ್ದು ನಿಂತಾಗ ಬಂದ ಚಪ್ಪಾಳೆ ಇದೆಯಲ್ಲ, ಗೆದ್ದವನಿಗೂ ಅಷ್ಟು ಸಿಗಲಿಲ್ಲ. 1996ರಲ್ಲಿ ಇಲ್ಲಿನ ಮೊದಲ ರೇಸಿನ ಮೊದಲ ಲ್ಯಾಪಿನಲ್ಲೇ ಮಾರ್ಟಿನ್ ಬ್ರಂಡಲ್ ಕಾರು ಗಾಳಿಯಲ್ಲಿ ಹಾರಿ ತುಂಡಾಗಿದ್ದೂ ಇದೇ ಟರ್ನ್ ಮೂರರಲ್ಲಿ. ಅವನೂ ಎದ್ದು ಬಂದಿದ್ದ. ಅಲೊನ್ಸೊಗೆ ಪಕ್ಕೆಲುಬು ಬಿರುಕು ಬಿಟ್ಟಿದ್ದು ಗೊತ್ತಾದದ್ದು ಆಮೇಲೆ. ಅದಕ್ಕೇ ಮುಂದಿನ ರೇಸ್ ಆಡಲಾಗಲಿಲ್ಲ.

ಕೆಂಪು ಬಾವುಟ ತೋರಿಸಿ ರೇಸ್ ನಿಲ್ಲಿಸಿದರು. ಮತ್ತೆ ಶುರುವಾದಾಗ ಫೆರಾರಿ ಬೇಗ ಸವೆಯುವ ಸೂಪರ್ ಸಾಫ್ಟ್ ಟೈರಿನಲ್ಲೇ ವೆಟ್ಟೆಲ್‌ನನ್ನು ಕಳಿಸಿತು. ಮರ್ಸಿಡಿಸ್ ಮೀಡಿಯಂ ಹಾಕಿ ಕೊನೆವರೆಗೂ ನಿಲ್ಲದೆ ಓಡಿಸಿತು. ರೋಸ್‌ಬರ್ಗ್ ಗೆದ್ದ, ಹ್ಯಾಮಿಲ್ಟನ್ ಎರಡು, ವೆಟ್ಟೆಲ್ ಮೂರು, ರಿಕಾರ್ಡೊ ನಾಲ್ಕು. ಶನಿವಾರ ಟೈರ್ ಉಳಿಸಿಕೊಂಡು ಗ್ಯಾರೇಜಿನಲ್ಲಿ ಕೂತ ಫೆರಾರಿ ಭಾನುವಾರ ಟೈರಿನಿಂದಲೇ ಸೋತಿತು ಅಂತ ದಿಬ್ಬದ ಮೇಲೆ ಎಲ್ಲರದ್ದೂ ಒಂದೇ ಗೊಣಗಾಟ. ಇನ್ನೊಂದು ಕಡೆ ಹಿಂದಿನ ದಿನ ಲೆಕ್ಕಕ್ಕೇ ಸಿಗದೆ ಹೋಗಿದ್ದ ಹಾಸ್ ಕಾರನ್ನು ಗ್ರೋಜಾನ್ ಆರನೇ ಜಾಗಕ್ಕೆ ತಂದ. ಹೊಸ ಟೀಮಿನ ಮೊದಲ ರೇಸಿನಲ್ಲೇ ಪಾಯಿಂಟ್!

ಸೋಮವಾರ: ಸಮುದ್ರದ ರಸ್ತೆ

ಭಾವ ರಜೆ ಹಾಕಿದ್ದರು. ಗ್ರೇಟ್ ಓಷನ್ ರೋಡ್‌ಗೆ ಹೊರಟೆವು. ಮೊದಲನೇ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರು 1919ರಿಂದ 1932ರವರೆಗೆ ಕಡಿದು ಮಾಡಿದ ರಸ್ತೆ ಇದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೈಗೆಟುಕುವಷ್ಟು ಹತ್ತಿರ ಸಮುದ್ರ. ತಿರುವು ಬಂದಾಗಲೆಲ್ಲ ಭಾವ "ಇದು ಟರ್ನ್ ಮೂರಾ?" ಅಂತ ಕೇಳೋದು, ಹಿಂದಿನ ಸೀಟಿನಿಂದ ಅಕ್ಕ "ನಿಧಾನ ರೀ" ಅನ್ನೋದು. ವೇಗದ ಮಿತಿ ಚೂರು ದಾಟಿದರೂ ಇಲ್ಲಿ ದಂಡ ಮನೆ ಬಾಗಿಲಿಗೆ ಬರುತ್ತೆ, ಬಾಡಿಗೆ ಕಾರು ತಗೊಳ್ಳೋರು ನೆನಪಿಟ್ಟುಕೊಳ್ಳಿ.

ಕೆನೆಟ್ ರಿವರ್‌ನಲ್ಲಿ ನೀಲಗಿರಿ ಮರದ ಕವಲಿನಲ್ಲಿ ಕೋಲಾ ಮಲಗಿತ್ತು. ಅಪೊಲೊ ಬೇಯಲ್ಲಿ ಬೇಕರಿಗೆ ಹೋದೆವು. ಆ ಊರು ಸ್ಕ್ಯಾಲಪ್ ಅನ್ನೋ ಚಿಪ್ಪುಮೀನಿನ ಪೈಗೆ ಹೆಸರುವಾಸಿ, ನಾವು ಪಾಲಕ್ ರೋಲ್ ತಿಂದೆವು. ಭಾವನ ತಲೆಯ ಮೇಲಿನ ರೇಸ್ ಟೋಪಿ ನೋಡಿ ಗಲ್ಲಾದಲ್ಲಿದ್ದವನು ಮಾತಿಗಿಳಿದ. ಶನಿವಾರ ಟಿವಿ ಮುಂದೆ ಕೂತಿದ್ದನಂತೆ, ಕೊನೆಗೆ ಏನೂ ನಡೆಯದೇ ಇದ್ದಾಗ ಎದ್ದು ಹೋಗಿ ನಾಯಿಗೆ ಊಟ ಹಾಕಿ ಬಂದೆ, ಬಂದಾಗಲೂ ಏನೂ ನಡೆದಿರಲಿಲ್ಲ ಅಂದ. ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ಒಂದು ಸೀಗಲ್ ಅಳಿಯನ ಕೈಯಿಂದ ರೋಲಿನ ಅರ್ಧ ಭಾಗ ಕಿತ್ತುಕೊಂಡು ಹೋಯಿತು. ಇಲ್ಲಿ ಹೊರಗೆ ಕೂತು ತಿನ್ನೋದಾದರೆ ಒಂದು ಕೈ ಮೇಲೆ ಮುಚ್ಚಿಕೊಂಡೇ ತಿನ್ನಿ.

ಟ್ವೆಲ್ವ್ ಅಪೋಸಲ್ಸ್ ಮುಟ್ಟಿದಾಗ ಸಂಜೆ. ಹೆಸರಲ್ಲಿ ಹನ್ನೆರಡಿದೆ, ಈಗ ನಿಂತಿರೋದು ಎಂಟೇ ಸುಣ್ಣದ ಕಲ್ಲಿನ ಕಂಬ. 2005ರಲ್ಲಿ ಒಂದು ಕಣ್ಣೆದುರೇ ಕುಸಿದುಬಿತ್ತಂತೆ. "ಇಲ್ಲೂ ಎಲಿಮಿನೇಷನ್ನಾ!" ಅಂದ ಅಳಿಯ. ಗಾಳಿ ಎಷ್ಟಿತ್ತು ಅಂದರೆ ಭಾವನ ಹೊಸ ಟೋಪಿ ಕಟಾಂಜನದ ಆಚೆ ಹಾರಿ ಹೋಯಿತು.

ಬಂದ ಮೇಲೆ

ಊರಿಗೆ ಬಂದ ಮೇಲೂ ಕಥೆ ಮುಗಿಯಲಿಲ್ಲ. ಭಾನುವಾರದ ಒಮ್ಮತ ಕಾಗದದ ಮೇಲೆ ಬರಲೇ ಇಲ್ಲ. ಆ ವಾರವೇ ಚಾಲಕರ ಸಂಘ ಬಹಿರಂಗ ಪತ್ರ ಬರೆದು, ಈ ಆಟದಲ್ಲಿ ತೀರ್ಮಾನ ತಗೊಳ್ಳೋ ರೀತಿಯೇ ಹಳತಾಗಿದೆ ಅಂತ ದೂರಿತು. ಆದರೂ ಏಪ್ರಿಲ್ 2ಕ್ಕೆ ಬಹ್ರೇನ್‌ನಲ್ಲಿ ಅದೇ ಪದ್ಧತಿ, ಕೊನೆಗೆ ಅದೇ ಖಾಲಿ ಟ್ರ್ಯಾಕ್. ಅಡಿಲೇಡ್ ಅಜ್ಜಿ ಎರಡನೇ ಬೆರಳು ಎತ್ತಿರಬೇಕು. ಟೀಮುಗಳು ಪಟ್ಟು ಬಿಡಲಿಲ್ಲ, ಏಪ್ರಿಲ್ 7ಕ್ಕೆ ಅಂತೂ ಹಳೆಯದಕ್ಕೇ ವಾಪಸ್ ಅಂತ ತೀರ್ಮಾನವಾಯಿತು.

ಹಳೇ ಪದ್ಧತಿ ವಾಪಸ್ ಬಂದ ಶಾಂಘೈ ಕ್ವಾಲಿಫೈಯಿಂಗ್ ದಿನ ಭಾವ ಅಲ್ಲಿ ಟಿವಿ ಮುಂದೆ, ನಾನು ಇಲ್ಲಿ, ಫೋನ್ ಸ್ಪೀಕರಿನಲ್ಲಿ. ಕೊನೆಯ ನಿಮಿಷದಲ್ಲಿ ರೈಕೊನೆನ್ ಕೈಯಿಂದ ಪೋಲ್ ರೋಸ್‌ಬರ್ಗ್‌ಗೆ ಹೋಯಿತು, ಕೊನೆಗೆ ರಿಕಾರ್ಡೊ ನುಗ್ಗಿ ಎರಡನೇ ಜಾಗ ಹಿಡಿದ. ಫೋನಿನಲ್ಲಿ ಅಳಿಯನ ಕಿರುಚಾಟಕ್ಕೆ ನನ್ನ ಕಿವಿ ಗುಂಯ್ ಅಂದಿತು. ಅದು ತಣ್ಣಗಾದ ಮೇಲೆ ಭಾವ ಕೇಳಿದರು, "ಅದು ಸರಿ, ಹ್ಯಾಮಿಲ್ಟನ್ ಯಾಕೆ ಒಂದು ಲ್ಯಾಪೂ ಓಡಿಸಲಿಲ್ಲ?" ಎಂಜಿನ್ನಿನ ಎಂಜಿಯು-ಎಚ್ ಕೆಟ್ಟಿದೆ ಅಂದೆ. ಅದೇನು ಅಂತ ವಿವರಿಸೋಕೆ ಅವತ್ತು ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು.